ಒಂದು ಡ್ರೆಸ್, ನೂರಾರು ಗಂಟೆ: ಕೈ ಕಸೂತಿಯ ಬೆಲೆ ಯಾರ ಕೈ ಸೇರತ್ತೆ?

(ಪಾಡ್‌ಕಾಸ್ಟ್ ಕಂತಿನ ಬರಹ ರೂಪ. ಓದಿಗೆ ಹೊಂದುವಂತೆ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ಹಿಂದಿನ ಕಂತುಗಳಲ್ಲಿ ಚಿನ್ನ, ಚೀಟಿ, ಕ್ರೆಡಿಟ್ ಕಾರ್ಡ್ ಅಂತೆಲ್ಲ ದುಡ್ಡಿನ ಮಾತಾಡಿದ್ವಿ. ಇವತ್ತು ಬಟ್ಟೆ. ಆದರೆ ಇದೂ ದುಡ್ಡಿನ ಮಾತೇ.

ಮದುವೆ ಸೀಸನ್‌ನಲ್ಲಿ ಬ್ಲೌಸ್ ಹೊಲಿಸೋಕೆ ಹೋದವರಿಗೆಲ್ಲ ಈ ಪ್ರಶ್ನೆ ಎದುರಾಗಿರತ್ತೆ: "ಮಗ್ಗಂ ವರ್ಕ್ ಬೇಕಾ, ಕಂಪ್ಯೂಟರ್ ವರ್ಕ್ ಸಾಕಾ?" ಎರಡರ ರೇಟಿಗೂ ಅಜಗಜಾಂತರ. ಕೈಯಲ್ಲಿ ಮಾಡಿದ್ದು ದುಬಾರಿ, ಮೆಷಿನ್‌ದು ಅಗ್ಗ. ದೂರದಿಂದ ಫೋಟೋದಲ್ಲಿ ಎರಡೂ ಒಂದೇ ಥರ ಕಾಣತ್ತೆ. ಹಾಗಾದರೆ ನಾವು ಕೊಡೋ ಆ ಹೆಚ್ಚಿನ ದುಡ್ಡು ಯಾತಕ್ಕೆ? ಅದು ಸೂಜಿ ಹಿಡಿದವರಿಗೆ ತಲುಪತ್ತಾ? ಇದನ್ನ ಅರ್ಥ ಮಾಡ್ಕೊಳ್ಳೋಕೆ ಇದೇ ಕೆಲಸವನ್ನ ಪ್ಯಾರಿಸ್‌ವರೆಗೆ ತಗೊಂಡು ಹೋದ ಒಬ್ಬ ಡಿಸೈನರ್‌ನ ಉದಾಹರಣೆಯಾಗಿ ತಗೋತೀನಿ. ಅವರ ಹೆಸರು ರಾಹುಲ್ ಮಿಶ್ರಾ.

ಯಾರು ಈ ರಾಹುಲ್ ಮಿಶ್ರಾ?

ಉತ್ತರ ಪ್ರದೇಶದ ಕಾನ್ಪುರದ ಹತ್ತಿರ ಮಲ್ಹೌಸಿ ಅಂತ ಒಂದು ಹಳ್ಳಿ. 1979ರಲ್ಲಿ ಅಲ್ಲಿ ಹುಟ್ಟಿದವರು. ಮೊದಲು ಓದಿದ್ದು ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಆಮೇಲೆ ಅಹಮದಾಬಾದ್‌ನ ಎನ್‌ಐಡಿಯಲ್ಲಿ ಉಡುಪು ವಿನ್ಯಾಸ ಕಲಿತರು. 2006ರಲ್ಲಿ ಲ್ಯಾಕ್ಮೆ ಫ್ಯಾಷನ್ ವೀಕ್‌ನಲ್ಲಿ ಮೊದಲ ಸಲ ತಮ್ಮ ಬಟ್ಟೆ ತೋರಿಸಿದಾಗ ಅವರು ಆರಿಸಿಕೊಂಡಿದ್ದು ಮಿನುಗೋ ರೇಷ್ಮೆಯನ್ನಲ್ಲ, ಕೇರಳದ ಕೈಮಗ್ಗದ ಮುಂಡು ಬಟ್ಟೆಯನ್ನ. ಮುಂದೆ ಸ್ಕಾಲರ್‌ಶಿಪ್ ಸಿಕ್ಕಿ ಮಿಲಾನ್‌ನ ಇಸ್ಟಿಟ್ಯೂಟೊ ಮರಂಗೋನಿಯಲ್ಲೂ ಓದಿದರು.

2014ರಲ್ಲಿ ಇಂಟರ್‌ನ್ಯಾಷನಲ್ ವೂಲ್‌ಮಾರ್ಕ್ ಪ್ರಶಸ್ತಿ ಗೆದ್ದರು, ಅದನ್ನ ಗೆದ್ದ ಮೊದಲ ಭಾರತೀಯ ಅವರೇ. ಇದರ ತೂಕ ಗೊತ್ತಾಗಬೇಕಂದ್ರೆ ಒಂದು ಮಾತು ಸಾಕು: ಇದೇ ಪ್ರಶಸ್ತಿಯ ಹಳೆಯ ರೂಪವನ್ನ 1954ರಲ್ಲಿ ಗೆದ್ದವರಲ್ಲಿ ಈವ್ ಸೇಂಟ್ ಲಾರೆಂಟ್ ಮತ್ತು ಕಾರ್ಲ್ ಲಾಗರ್‌ಫೆಲ್ಡ್ ಇದ್ದರು. 2020ರ ಜನವರಿಯಲ್ಲಿ ಪ್ಯಾರಿಸ್ ಹೋಟ್ ಕುಟೂರ್ ವೀಕ್‌ನಲ್ಲಿ ಸಂಗ್ರಹ ಪ್ರದರ್ಶಿಸಿದ ಮೊದಲ ಭಾರತೀಯ ಡಿಸೈನರ್ ಕೂಡ ಅವರೇ. ಹೋಟ್ ಕುಟೂರ್ ಅಂದ್ರೆ ಒಬ್ಬ ಗ್ರಾಹಕರ ಅಳತೆಗೆ ಒಂದೊಂದೇ ಪೀಸು, ಬಹುಪಾಲು ಕೈಯಲ್ಲೇ ಮಾಡೋ ಬಟ್ಟೆ.

ಇಲ್ಲಿ ಗಮನಿಸಬೇಕಾದ ವಿಷಯ: ಅವರು ಪ್ಯಾರಿಸ್‌ಗೆ ತಗೊಂಡು ಹೋಗಿದ್ದು ಲೆಹೆಂಗಾ ಅಲ್ಲ. ಜಾಕೆಟ್, ಗೌನ್, ಮಿನಿ ಡ್ರೆಸ್, ಟ್ರೆಂಚ್ ಕೋಟ್. ಉಡುಪಿನ ಆಕಾರ ಇವತ್ತಿನದು, ಅದರ ಮೇಲಿನ ಕೆಲಸ ಶತಮಾನಗಳ ಹಿಂದಿನದು. ಹಳೇ ಕಾರ್ಖಾನಾಗಳಲ್ಲಿ ಬಂಗಾರದ ದಾರದಲ್ಲಿ ಮಾವಿನಕಾಯಿ ಬುಟ್ಟಾ ತೆಗೀತಿದ್ದ ಕೈಗಳೇ ಇಲ್ಲಿ ಎಲೆ, ಚಿಟ್ಟೆ, ಹವಳ, ಹುಳಹುಪ್ಪಟೆ, ನಕ್ಷತ್ರಗಳನ್ನ ಬಟ್ಟೆಯಿಂದ ಎದ್ದು ನಿಲ್ಲೋ ಹಾಗೆ ಹೊಲೀತಾರೆ. ವೂಲ್‌ಮಾರ್ಕ್‌ಗೆ ಅವರು ಉಣ್ಣೆಯನ್ನ ಬಟ್ಟೆಯಾಗಿ ಮಾತ್ರ ಬಳಸದೆ ಕಸೂತಿಯ ದಾರವಾಗಿಯೂ ಬಳಸಿದರು. ಚಳಿಗಾಲದ ವಸ್ತು ಅಂತ ಎಲ್ಲರೂ ಅಂದ್ಕೊಂಡಿದ್ದ ಉಣ್ಣೆ ಬೇಸಿಗೆಯ ಡ್ರೆಸ್ ಮೇಲೆ ಹೂವಾಯ್ತು.

ಅಡ್ಡಾ, ಖಾಕಾ, ಆರಿ: ಕೆಲಸ ನಡೆಯೋದು ಹೇಗೆ?

ನಮ್ಮ ಕಡೆ ಮಗ್ಗಂ ವರ್ಕ್ ಅಂತೀವಲ್ಲ, ಅದೇ ಮನೆತನದ ಕೆಲಸ ಇದು. ಬಟ್ಟೆಯನ್ನ ಮಗ್ಗದಂಥ ಚೌಕಟ್ಟಿಗೆ ಬಿಗಿದು ಕಟ್ಟೋದರಿಂದ ಇಲ್ಲಿ ಆ ಹೆಸರು. ಉತ್ತರದಲ್ಲಿ ಆ ಚೌಕಟ್ಟಿಗೆ ಅಡ್ಡಾ ಅಂತಾರೆ.

ಮೊದಲು ಡಿಸೈನ್ ಪೂರ್ತಿ ಅಳತೆಯಲ್ಲಿ ಕಾಗದದ ಮೇಲೆ ಬರತ್ತೆ. ಅದನ್ನ ಟ್ರೇಸಿಂಗ್ ಪೇಪರಿಗೆ ಇಳಿಸಿ, ಗೆರೆಯ ಉದ್ದಕ್ಕೂ ಸೂಜಿಯಿಂದ ಸಣ್ಣ ಸಣ್ಣ ತೂತು ಮಾಡ್ತಾರೆ. ಇದಕ್ಕೆ ಖಾಕಾ ಅಂತ ಹೆಸರು. ಖಾಕಾವನ್ನ ಬಟ್ಟೆ ಮೇಲಿಟ್ಟು, ಸೀಮೆಎಣ್ಣೆಯಲ್ಲಿ ಕಲಸಿದ ಬಣ್ಣದ ಪುಡಿಯನ್ನ ಬಟ್ಟೆಯುಂಡೆಯಿಂದ ಉಜ್ಜಿದರೆ ತೂತುಗಳ ಮೂಲಕ ಡಿಸೈನ್ ಚುಕ್ಕಿ ಚುಕ್ಕಿಯಾಗಿ ಇಳಿಯತ್ತೆ. ನಮ್ಮ ಮನೆ ಮುಂದಿನ ರಂಗೋಲಿ ಅಚ್ಚಿನ ತತ್ವವೇ ಇದು. ಆಮೇಲೆ ಅಡ್ಡಾದ ಸುತ್ತ ಕಾರಿಗರರು ನೆಲದ ಮೇಲೆ ಕೂತು ಕೆಲಸ ಶುರು ಮಾಡ್ತಾರೆ. ಸಣ್ಣ ಅಡ್ಡಾ ಆದರೆ ಇಬ್ಬರು, ದೊಡ್ಡದಾದರೆ ಏಳೆಂಟು ಜನ.

ಆರಿ ಅಂದ್ರೆ ಮರದ ಹಿಡಿ ಇರೋ, ತುದಿಯಲ್ಲಿ ಕೊಕ್ಕೆ ಇರೋ ಸೂಜಿ. ಒಂದು ಕೈ ಬಟ್ಟೆಯ ಮೇಲೆ ಆರಿ ಹಿಡಿದಿರತ್ತೆ, ಇನ್ನೊಂದು ಕೈ ಕೆಳಗಡೆ ದಾರ ಕೊಡತ್ತೆ. ಕೊಕ್ಕೆ ಕೆಳಗೆ ಹೋಗಿ ದಾರ ಸಿಕ್ಕಿಸಿಕೊಂಡು ಮೇಲೆ ಬಂದು ಸರಪಳಿಯ ಒಂದು ಕೊಂಡಿ ಹಾಕತ್ತೆ. ಕೆಳಗಿನ ಕೈ ಕಣ್ಣಿಗೆ ಕಾಣಲ್ಲ. ಆ ಕೆಲಸ ಪೂರ್ತಿ ಬೆರಳಿನ ನೆನಪಿನ ಮೇಲೆ ನಡೀಬೇಕು. ಜರ್ದೋಜಿ ಇದರ ಸೋದರ. ಅದರಲ್ಲಿ ಲೋಹದ ದಾರ, ಸುರುಳಿ ತಂತಿ, ಮಣಿ, ಚಮಕಿಗಳನ್ನ ಸೂಜಿಯಿಂದ ಒಂದೊಂದಾಗಿ ಕೂರಿಸ್ತಾರೆ.

ಗುಜರಾತಿನ ಕಛ್‌ನಲ್ಲಿ ಆರಿ ಕಸೂತಿಗೆ ಮೋಚಿ ಭರತ್ ಅಂತಲೂ ಹೆಸರಿದೆ. ಮೋಚಿ ಅಂದ್ರೆ ಚಪ್ಪಲಿ ಮಾಡುವವರು. ಚರ್ಮ ಹೊಲಿಯೋ ಉಪಕರಣವೇ ನಾಜೂಕಾಗಿ ರೇಷ್ಮೆಗೆ ಬಂತು. 18ನೇ ಶತಮಾನದಲ್ಲಿ ಪೂರ್ವದ ಇದೇ ಕೊಕ್ಕೆ ಹೊಲಿಗೆ ಯುರೋಪಿಗೆ ಹೋಗಿ ಟ್ಯಾಂಬೂರ್ ಅನ್ನಿಸಿಕೊಂಡಿತು. ಮುಂದೆ ಫ್ರಾನ್ಸಿನ ಲೂನೆವಿಲ್ ಊರಿನ ಹೆಸರಲ್ಲಿ ಪ್ರಸಿದ್ಧವಾಯ್ತು. ಅಂದ್ರೆ ಪ್ಯಾರಿಸ್‌ನ ಕಸೂತಿ ಮನೆಗಳು ಹೆಮ್ಮೆಯಿಂದ ತೋರಿಸೋ ಕೊಕ್ಕೆಗೂ ನಮ್ಮೂರ ಬ್ಲೌಸ್ ಅಂಗಡಿಯ ಹಿಂಭಾಗದಲ್ಲಿ ನಡೆಯೋ ಕೆಲಸಕ್ಕೂ ನೆಂಟಸ್ತಿಕೆ ಇದೆ. ಒಂದು ಕಡೆ ಅದಕ್ಕೆ ಕಲೆ ಅಂತಾರೆ, ಇನ್ನೊಂದು ಕಡೆ "ವರ್ಕ್" ಅಂತಾರೆ, ಅಷ್ಟೇ.

ನಿಧಾನವೇ ಉದ್ಯೋಗ

ನಾನು ಬಿ.ಕಾಂ. ಓದಿದವನು. ಕಾಸ್ಟ್ ಅಕೌಂಟಿಂಗ್‌ನಲ್ಲಿ ನಮಗೆ ಹೇಳಿಕೊಟ್ಟಿದ್ದು ಒಂದೇ ಮಂತ್ರ: ಒಂದು ಯೂನಿಟ್‌ಗೆ ತಗಲೋ ಸಮಯ ಕಡಿಮೆ ಮಾಡು, ಲಾಭ ಜಾಸ್ತಿ ಆಗತ್ತೆ. ರಾಹುಲ್ ಮಿಶ್ರಾ ತಮ್ಮ ಸಂದರ್ಶನಗಳಲ್ಲಿ ಮುಂದಿಡೋ ವಾದ ಇದಕ್ಕೆ ಪೂರಾ ಉಲ್ಟಾ. ಒಂದು ಡ್ರೆಸ್‌ಗೆ ಹೆಚ್ಚು ಗಂಟೆ ಬೇಕಾದಷ್ಟೂ ಹೆಚ್ಚು ಜನಕ್ಕೆ ಹೆಚ್ಚು ದಿನ ಕೆಲಸ ಸಿಗತ್ತೆ. ಹಾಗಾಗಿ ಡಿಸೈನ್ ಮಾಡುವಾಗಲೇ ಕೈಗೆ ಕೆಲಸ ಜಾಸ್ತಿ ಬರೋ ಹಾಗೆ ಯೋಚಿಸಬೇಕು ಅನ್ನೋದು ಅವರ ನಿಲುವು.

ಇದಕ್ಕೆ ಸೇರಿದ ಎರಡನೇ ವಿಚಾರ ಹಿಮ್ಮುಖ ವಲಸೆ. ದೆಹಲಿ, ಮುಂಬೈಗಳ ಕಸೂತಿ ಕಾರಿಗರರಲ್ಲಿ ಬಹಳಷ್ಟು ಜನ ಉತ್ತರ ಪ್ರದೇಶ, ಬಿಹಾರ, ಪಶ್ಚಿಮ ಬಂಗಾಳದ ಹಳ್ಳಿಗಳಿಂದ ಬಂದವರು. ನಗರದಲ್ಲಿ ಇಕ್ಕಟ್ಟಾದ ಕೋಣೆ; ಅದೇ ಕೋಣೆಯಲ್ಲಿ ಹಗಲು ಅಡ್ಡಾ, ರಾತ್ರಿ ಅದರ ಪಕ್ಕದಲ್ಲೇ ನಿದ್ದೆ. ಡಿಸೈನ್, ದಾರ, ಬಟ್ಟೆಯನ್ನೇ ಹಳ್ಳಿಗೆ ಕಳಿಸಿದರೆ ಕಾರಿಗರ ತನ್ನ ಮನೆಯಲ್ಲಿದ್ದು ಕೆಲಸ ಮಾಡಬಹುದು. ನಗರದ ಬಾಡಿಗೆ ಉಳಿಯತ್ತೆ, ಅಂದ್ರೆ ಅದೇ ಕೂಲಿಯಲ್ಲಿ ಕೈಯಲ್ಲಿ ಉಳಿಯೋ ದುಡ್ಡು ಜಾಸ್ತಿ. ಹೀಗೆ ಊರಿಗೆ ಮರಳಿದ ಕಾರಿಗರರ ಬಗ್ಗೆ ಮಿಶ್ರಾ ಹಲವು ಸಲ ಮಾತಾಡಿದ್ದಾರೆ.

2023ರ ಜುಲೈನಲ್ಲಿ ಪ್ಯಾರಿಸ್‌ನಲ್ಲಿ ತೋರಿಸಿದ ಕುಟೂರ್ ಸಂಗ್ರಹಕ್ಕೆ ಅವರಿಟ್ಟ ಹೆಸರು "ವಿ, ದಿ ಪೀಪಲ್". ನಮ್ಮ ಸಂವಿಧಾನದ ಪೀಠಿಕೆಯ ಮೊದಲ ಪದಗಳು. ಆ ಉಡುಪುಗಳ ಮೇಲೆ ಹೂಬಳ್ಳಿಗಳ ಜೊತೆ ಕಸೂತಿ ಹಾಕ್ತಾ ಕೂತ ಕಾರಿಗರರ ಚಿತ್ರಗಳೇ ಇದ್ದವು, ಕಸೂತಿಯಲ್ಲೇ. ತೆರೆಯ ಹಿಂದಿರೋ ಜನ ರ್‍ಯಾಂಪ್ ಮೇಲೆ ಕಂಡರು. ಒಳ್ಳೆಯ ಸಂಗತಿ. ಆದರೆ ಚಿತ್ರ ಬರೋದು ಒಂದು, ಲೆಕ್ಕದಲ್ಲಿ ಪಾಲು ಬರೋದು ಇನ್ನೊಂದು. ಹಾಗಾಗಿ ಈಗ ಪೆನ್ನು ಪೇಪರ್ ತಗೊಳ್ಳಿ.

ಒಂದು ಜಾಕೆಟ್‌ನ ಲೆಕ್ಕ

ಇದು ಯಾವ ಬ್ರ್ಯಾಂಡ್‌ನ ಲೆಕ್ಕವೂ ಅಲ್ಲ. ವಿಷಯ ಅರ್ಥ ಆಗೋಕೆ ನಾನೇ ಮಾಡಿಕೊಂಡ ಊಹೆಯ ಅಂಕಿಗಳು.

ಒಂದು ಜಾಕೆಟ್‌ಗೆ 300 ಗಂಟೆ ಕಸೂತಿ ಅಂತಿಟ್ಕೊಳ್ಳಿ. ಗಂಟೆಗೆ 100 ರೂಪಾಯಿ ಅಂದ್ರೆ ಕಸೂತಿ ಕೂಲಿ 30,000. ಬಟ್ಟೆ, ದಾರ, ಮಣಿಗೆ 4,000. ಕತ್ತರಿಸಿ ಹೊಲಿಯೋಕೆ, ಲೈನಿಂಗ್‌ಗೆ 6,000. ಡಿಸೈನ್, ಸ್ಯಾಂಪಲ್, ಬಾಡಿಗೆಗೆ 10,000. ಒಟ್ಟು ತಯಾರಿಕೆ ವೆಚ್ಚ 50,000. ಬ್ರ್ಯಾಂಡ್ ಇದನ್ನ ಎರಡೂವರೆ ಪಟ್ಟು ಮಾಡಿ 1,25,000 ಅಂತ ಬೆಲೆ ಇಡತ್ತೆ. ಆ ಹೆಚ್ಚುವರಿಯೆಲ್ಲ ಲಾಭ ಅಲ್ಲ. ಮಾರಾಟವಾಗದೆ ಉಳಿಯೋ ಪೀಸು, ಅಂಗಡಿ ಕಮಿಷನ್, ಶೋ ಖರ್ಚು ಅದರಲ್ಲೇ ಬರಬೇಕು. ಅದರ ಮೇಲೆ ಶೇ 18 ಜಿಎಸ್‌ಟಿ, 22,500. ನೀವು ಕೊಡೋದು 1,47,500. ಅದರಲ್ಲಿ ಕಸೂತಿ ಕೈಗಳ ಪಾಲು 30,000, ಅಂದ್ರೆ ಸುಮಾರು ಶೇ 20.

ಈಗ ಮಧ್ಯೆ ಒಬ್ಬ ಠೇಕೆದಾರ ಬಂದ. ಬ್ರ್ಯಾಂಡ್ ಕೊಟ್ಟ ನೂರರಲ್ಲಿ 40 ಇಟ್ಕೊಂಡು 60 ದಾಟಿಸಿದ ಅಂತಿಟ್ಕೊಳ್ಳಿ. ಕೈಗಳಿಗೆ ತಲುಪೋದು 18,000. ಪಾಲು ಶೇ 12ಕ್ಕೆ ಇಳೀತು. ಬ್ರ್ಯಾಂಡ್‌ನ ಪುಸ್ತಕದಲ್ಲಿ ಮಾತ್ರ 30,000 ಅಂತಲೇ ಇರತ್ತೆ. ಸುಳ್ಳೂ ಅಲ್ಲ. ಹಾಗಾಗಿ "ನಾವು ಇಷ್ಟು ಕೂಲಿ ಕೊಡ್ತೀವಿ" ಅಂತ ಯಾರಾದ್ರೂ ಹೇಳಿದ್ರೆ ಕೇಳಬೇಕಾದ ಮುಂದಿನ ಪ್ರಶ್ನೆ: ಯಾರ ಕೈಗೆ?

ಇನ್ನೊಂದು ಸೂಕ್ಷ್ಮ ಇದೆ, ನನಗೆ ಬಹಳ ಮುಖ್ಯ ಅನ್ನಿಸಿದ್ದು. ಗಂಟೆ ಕೂಲಿಯನ್ನ 100ರಿಂದ 120ಕ್ಕೆ ಏರಿಸೋಣ. ಕಾರಿಗರರಿಗೆ ಸಿಗೋ ಹೆಚ್ಚಳ 6,000. ಬ್ರ್ಯಾಂಡ್ ಮಾಮೂಲಿನಂತೆ ಎರಡೂವರೆ ಪಟ್ಟಿನ ಸೂತ್ರ ಹಾಕಿದರೆ ವೆಚ್ಚ 56,000, ಬೆಲೆ 1,40,000, ತೆರಿಗೆ ಸೇರಿ 1,65,200. ಅಂದ್ರೆ ಕಾರಿಗರರಿಗೆ 6,000 ಹೆಚ್ಚು ಕೊಡೋಕೆ ಗ್ರಾಹಕರು 17,700 ಹೆಚ್ಚು ಕೊಡಬೇಕು. ಬೆಲೆ ಶೇ 12 ಏರಿತು. "ನೋಡಿ, ಕೂಲಿ ಏರಿಸಿದ್ರೆ ಯಾರೂ ಕೊಳ್ಳಲ್ಲ" ಅನ್ನೋ ವಾದ ಹುಟ್ಟೋದು ಇಲ್ಲೇ. ಅದರ ಬದಲು ಮಾರ್ಜಿನ್ ಮೊತ್ತವನ್ನ ಹಾಗೇ ಇಟ್ಟು ಏರಿದ ಕೂಲಿಯನ್ನ ಮಾತ್ರ ಸೇರಿಸಿದರೆ? ಬೆಲೆ 1,31,000, ತೆರಿಗೆ ಸೇರಿ 1,54,580. ಹೆಚ್ಚಳ 7,080, ಶೇ 5ಕ್ಕಿಂತ ಕಡಿಮೆ. ಕೂಲಿ ಹೆಚ್ಚಳ ಎರಡರಲ್ಲೂ ಅದೇ. ಬದಲಾಗಿದ್ದು ಸೂತ್ರ ಮಾತ್ರ. ಹಾಗಾಗಿ ಬೆಲೆ ಏರಿಕೆಗೆ ಪೂರ್ತಿ ಕಾರಣ ಕೂಲಿ ಅಂತ ನಂಬೋ ಮೊದಲು ಮಾರ್ಜಿನ್‌ನ ಶೇಕಡಾ ಲೆಕ್ಕವನ್ನೂ ನೋಡಬೇಕು.

ತೆರಿಗೆಯದ್ದೂ ಒಂದು ಮಾತು. 2025ರ ಸೆಪ್ಟೆಂಬರ್ 22ರಿಂದ ಸಿದ್ಧ ಉಡುಪಿಗೆ 2,500 ರೂಪಾಯಿವರೆಗೆ ಶೇ 5, ಅದಕ್ಕಿಂತ ಮೇಲೆ ಶೇ 18 ಜಿಎಸ್‌ಟಿ. ಮೊದಲು 1,000 ದಾಟಿದರೆ ಶೇ 12 ಇತ್ತು. ಈ ಗೆರೆ ಎಳೆದಿರೋದು ಬೆಲೆ ನೋಡಿ. ನಿಜವಾಗಿ ಕೈ ಕಸೂತಿ ಇರೋ ಡ್ರೆಸ್ 2,500ರ ಒಳಗೆ ಬರೋದು ಕಷ್ಟ, ಮೆಷಿನ್ ಕಸೂತಿಯದ್ದು ಸುಲಭ. ಹೀಗಾಗಿ ಮಧ್ಯಮ ವರ್ಗ ಕೊಳ್ಳೋ ನಾಲ್ಕೈದು ಸಾವಿರದ ಕೈ ಕೆಲಸದ ಕುರ್ತಾಗೆ ಪೆಟ್ಟು ಬೀಳತ್ತೆ.

ನಮ್ಮ ಕಸೂತಿ ಪ್ಯಾರಿಸ್‌ಗೆ ಯಾಕೆ ಹೋಗಲ್ಲ?

ಕನ್ನಡದಲ್ಲಿ ನಾವು ಎಲ್ಲಾ ಎಂಬ್ರಾಯ್ಡರಿಗೂ ಕಸೂತಿ ಅಂತೀವಿ. ಆದರೆ ಧಾರವಾಡ, ಹುಬ್ಬಳ್ಳಿ, ಬೆಳಗಾವಿ, ಬಾಗಲಕೋಟೆ ಕಡೆಯ ಕಸೂತಿ ಅನ್ನೋದು ತನ್ನದೇ ನಿಯಮ ಇರೋ ಬೇರೆ ವಿದ್ಯೆ. ಇಲ್ಲಿ ಖಾಕಾ ಇಲ್ಲ, ಗೆರೆ ಇಲ್ಲ. ಬಟ್ಟೆಯ ಎಳೆಗಳನ್ನ ಎಣಿಸ್ತಾ ಹೋಗಬೇಕು. ಗಂಟು ಹಾಕೋ ಹಾಗಿಲ್ಲ. ನಾಲ್ಕು ಹೊಲಿಗೆಗಳಿವೆ. ಗವಂತಿಯಲ್ಲಿ ಹೋದ ದಾರಿಯಲ್ಲೇ ವಾಪಸ್ ಬಂದು ಖಾಲಿ ಬಿಟ್ಟ ಜಾಗ ತುಂಬ್ತಾರೆ, ಹಾಗಾಗಿ ಎರಡೂ ಬದಿ ಒಂದೇ ಥರ ಕಾಣತ್ತೆ. ಮುರ್ಗಿ ಅಂಕುಡೊಂಕಾಗಿ ಮೆಟ್ಟಿಲಿನ ಥರ ಹೋಗತ್ತೆ. ನೇಯ್ಗೆ ಅನ್ನೋದು ನೇಯ್ದ ಹಾಗೇ ಕಾಣತ್ತೆ. ಮೆಂತೆ ಅಂದ್ರೆ ಅಡ್ಡಗೆರೆ ಹೊಲಿಗೆ, ಮೆಂತೆ ಕಾಳಿನ ಹಾಗೆ. ಇಳಕಲ್ ಸೀರೆ ಮೇಲೆ, ಮದುವೆಯ ಕಪ್ಪು ಚಂದ್ರಕಾಳಿ ಸೀರೆ ಮೇಲೆ ಗೋಪುರ, ತೇರು, ಆನೆ ಅಂಬಾರಿ, ತುಳಸಿಕಟ್ಟೆ ಮೂಡೋದು ಈ ನಾಲ್ಕರಿಂದಲೇ.

ಕಷ್ಟ ಇರೋದೂ ಈ ನಿಯಮಗಳಲ್ಲೇ. ಅಡ್ಡಾದ ಮೇಲೆ ಆರು ಜನ ಒಟ್ಟಿಗೆ ಕೂತು ಒಂದು ಡಿಸೈನ್ ಹಂಚಿಕೊಂಡು ಮುಗಿಸಬಹುದು. ಎಳೆ ಎಣಿಸೋ ಕೆಲಸ ಬಹುಮಟ್ಟಿಗೆ ಒಬ್ಬರೇ ಮಾಡಬೇಕು, ಒಂದು ಎಣಿಕೆ ತಪ್ಪಿದ್ರೆ ಬಿಚ್ಚಬೇಕು. ಜೊತೆಗೆ ಇದು ಮನೆಯ ಹೆಂಗಸರು ಅಡುಗೆ, ಹೊಲ, ಮಕ್ಕಳ ಮಧ್ಯೆ ಮಾಡಿಕೊಂಡು ಬಂದ ಕೆಲಸ. ಹಾಗಾಗಿ ಅದನ್ನ "ಬಿಡುವಿನ ವೇಳೆಯ" ಕೆಲಸ ಅಂತ ಕರೆದು ರೇಟನ್ನೂ ಹಾಗೇ ಕಟ್ಟಿದರು. ಪೀಸಿಗೆ ಇಷ್ಟು ಅಂತ ಕೊಟ್ಟಾಗ ಗಂಟೆಯನ್ನ ಯಾರೂ ಬರೆದಿಡಲ್ಲ. ಗಂಟೆ ಬರೆಯದಿದ್ದರೆ ಕೂಲಿ ಕಡಿಮೆ ಆಯ್ತು ಅಂತ ತೋರಿಸೋಕೂ ಆಗಲ್ಲ.

ಇದಕ್ಕೆ ಬೇರೆ ದಾರಿ ಇಲ್ಲ ಅಂತಲ್ಲ. ಬಳ್ಳಾರಿ ಜಿಲ್ಲೆಯ ಸಂಡೂರು ಕುಶಲ ಕಲಾ ಕೇಂದ್ರ ಲಂಬಾಣಿ ಹೆಣ್ಣುಮಕ್ಕಳ ಕನ್ನಡಿ, ಕವಡೆ, ಬಣ್ಣದ ದಾರದ ಕೆಲಸವನ್ನ ದಶಕಗಳಿಂದ ಬ್ಯಾಗು, ಜಾಕೆಟ್, ಕುರ್ತಾ, ಮನೆಯ ಅಲಂಕಾರ ವಸ್ತುಗಳಿಗೆ ಒಗ್ಗಿಸಿದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಂಸ್ಕೃತಿ ಸಭೆ ನಡೆದಾಗ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ಮಾಡಿದ 1,755 ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಒಬ್ಬ ಸ್ಟಾರ್ ಡಿಸೈನರ್ ಹೆಸರಿಲ್ಲದೆ, ಸಂಸ್ಥೆಯಾಗಿ ನಿಂತು ಮಾಡಿದ ಕೆಲಸ ಇದು.

ಜಿಐ ಟ್ಯಾಗ್ ಇದ್ದರೆ ಸಾಕಾ?

ಧಾರವಾಡದ ಕಸೂತಿಗೂ ಸಂಡೂರಿನ ಲಂಬಾಣಿ ಕಸೂತಿಗೂ ಜಿಐ ಟ್ಯಾಗ್ ಇದೆ. "ಇನ್ನೇನು, ಯಾರೂ ಕಾಪಿ ಮಾಡೋ ಹಾಗಿಲ್ಲ" ಅಂತ ಬಹಳ ಜನ ಅಂದ್ಕೊಳ್ತಾರೆ. ಹಾಗಲ್ಲ. 1999ರ ಜಿಐ ಕಾಯ್ದೆ ಕಾಪಾಡೋದು ಮುಖ್ಯವಾಗಿ ಹೆಸರನ್ನ. ಆ ಪ್ರದೇಶದಲ್ಲಿ, ಆ ವಿಧಾನದಲ್ಲಿ ಮಾಡದ ವಸ್ತುವನ್ನ ಆ ಹೆಸರಲ್ಲಿ ಮಾರೋ ಹಾಗಿಲ್ಲ. ಆದರೆ ಯಾರೋ ಗೋಪುರದ ಬುಟ್ಟಾವನ್ನ ಪಾಲಿಯೆಸ್ಟರ್ ಮೇಲೆ ಪ್ರಿಂಟ್ ಹೊಡೆದು "ಎಥ್ನಿಕ್ ಡಿಸೈನ್" ಅಂತ ಮಾರಿದರೆ? ಆ ಹೆಸರನ್ನೇ ಬಳಸಿಲ್ಲವಾದ್ದರಿಂದ ಜಿಐ ಕೈಗೆ ಸುಲಭವಾಗಿ ಸಿಗಲ್ಲ.

ಡಿಸೈನರ್ ಹೊಸದಾಗಿ ಬಿಡಿಸಿದ ವಿನ್ಯಾಸಕ್ಕೆ ಬೇರೆ ಕಾನೂನಿದೆ. 2000ದ ಡಿಸೈನ್ಸ್ ಕಾಯ್ದೆಯಡಿ ನೋಂದಾಯಿಸಿದರೆ 10 ವರ್ಷ, ನವೀಕರಿಸಿದರೆ ಇನ್ನೂ 5 ವರ್ಷ ರಕ್ಷಣೆ. ನೋಂದಾಯಿಸಬಹುದಾದ ಡಿಸೈನನ್ನ ನೋಂದಾಯಿಸದೆ ಬಿಟ್ಟರೆ, ಮಾಲೀಕರೋ ಅವರ ಅನುಮತಿ ಪಡೆದವರೋ ಯಂತ್ರದಲ್ಲಿ 50ಕ್ಕಿಂತ ಹೆಚ್ಚು ಪ್ರತಿ ತೆಗೆದ ಮೇಲೆ ಅದರ ಕಾಪಿರೈಟ್ ಹೋಗತ್ತೆ ಅಂತ ಕಾಪಿರೈಟ್ ಕಾಯ್ದೆಯ 15ನೇ ಸೆಕ್ಷನ್ ಹೇಳತ್ತೆ. ಹೆಸರು ಮಾಡಿದ ಬ್ರ್ಯಾಂಡ್‌ಗೆ ವಕೀಲರಿರ್ತಾರೆ, ನೋಂದಾಯಿಸ್ಕೊಳ್ತಾರೆ. ತಲೆಮಾರುಗಳಿಂದ ಬಂದ ತುಳಸಿಕಟ್ಟೆಗೆ "ಹೊಸ ಡಿಸೈನ್" ಅಂತ ಅರ್ಜಿ ಹಾಕೋರು ಯಾರು? ಅದು ಹೊಸದಲ್ಲವಲ್ಲ!

2025ರ ಜೂನ್‌ನಲ್ಲಿ ಪ್ರಾಡಾ ಕಂಪನಿ ಮಿಲಾನ್ ಶೋನಲ್ಲಿ ಕೊಲ್ಹಾಪುರಿ ಥರದ ಚಪ್ಪಲಿ ತೋರಿಸಿದಾಗ ಎದ್ದ ಗಲಾಟೆ ನೆನಪಿರಬಹುದು. ಕೊಲ್ಹಾಪುರಿ ಜಿಐಯಲ್ಲಿ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಇವೆ. ಅಲ್ಲಿ ಪ್ರಾಡಾ ಮೂಲವನ್ನ ಒಪ್ಪಿಕೊಂಡಿದ್ದು ಜನ ಕೇಳಿದ ಮೇಲೆ. ಅಂದ್ರೆ ಕಾನೂನು ನಿಲ್ಲೋ ಕಡೆ ಕೊಳ್ಳುವವರ ಪ್ರಶ್ನೆ ಸ್ವಲ್ಪ ಕೆಲಸ ಮಾಡತ್ತೆ.

ಹಾಗಾದರೆ ನಾವೇನು ಮಾಡಬಹುದು?

ಮೊದಲನೆಯದು, ಬಟ್ಟೆ ತಿರುಗಿಸಿ ನೋಡಿ. ಮೆಷಿನ್ ಕಸೂತಿಯ ಹಿಂಭಾಗದಲ್ಲಿ ಸಾಮಾನ್ಯವಾಗಿ ಬಾಬಿನ್‌ನ ಬೇರೆ ದಾರ, ಹೆಚ್ಚಾಗಿ ಬಿಳಿ, ಓಡಿರತ್ತೆ. ಬಹಳ ಸಲ ಕಾಗದದಂಥ ಪದರವೂ ಅಂಟಿರತ್ತೆ. ಪ್ರತಿ ಹೂವೂ ಒಂದೇ ಅಚ್ಚು. ಕೈ ಕೆಲಸದಲ್ಲಿ ಎರಡು ಹೂವು ಅಕ್ಕತಂಗಿಯರ ಹಾಗಿರತ್ತೆ, ಅವಳಿಗಳ ಹಾಗಲ್ಲ. ಕಸೂತಿ ಅಂತ ಕೊಟ್ಟ ಸೀರೆಯ ಗವಂತಿ ಹಿಂದೆ ಮುಂದೆ ಒಂದೇ ಥರ ಇಲ್ಲದಿದ್ದರೆ, ಗಂಟುಗಳು ಕಂಡರೆ, ಅನುಮಾನ ಪಡಿ.

ಎರಡನೆಯದು, ಕೇಳಿ. ಎಷ್ಟು ದಿನದ ಕೆಲಸ, ಯಾರು ಮಾಡಿದ್ದು, ಎಲ್ಲಿ? ಉತ್ತರ ಗೊತ್ತಿರೋ ಅಂಗಡಿಯವರು ಖುಷಿಯಿಂದ ಹೇಳ್ತಾರೆ.

ಮೂರನೆಯದು ಚೌಕಾಸಿ. ಮೆಷಿನ್ ಬಟ್ಟೆಗೆ ಧಾರಾಳವಾಗಿ ಮಾಡಿ. ಕೈ ಕೆಲಸಕ್ಕೆ ಮಾಡುವಾಗ ಒಂದು ವಿಷಯ ನೆನಪಿರಲಿ: ಬಟ್ಟೆ, ದಾರ, ಬಾಡಿಗೆ, ತೆರಿಗೆ ಯಾವುದನ್ನೂ ಅಂಗಡಿಯವರು ಇಳಿಸೋಕಾಗಲ್ಲ. ಸುಲಭವಾಗಿ ಇಳಿಸಬಹುದಾದ್ದು ಮುಂದಿನ ಆರ್ಡರ್‌ನ ಪೀಸ್ ರೇಟ್ ಒಂದೇ.

ರಾಹುಲ್ ಮಿಶ್ರಾ ಮಾಡೋ ಗೌನ್ ನಾನೂ ಕೊಳ್ಳಲ್ಲ, ನಿಮ್ಮಲ್ಲಿ ಬಹುಪಾಲು ಜನ ಕೊಳ್ಳಲ್ಲ. ಅವರ ಕೆಲಸದಿಂದ ಸಾಬೀತಾಗಿರೋದು ಇಷ್ಟು: ಇದೇ ಕೈಗಳು, ಇದೇ ಕೊಕ್ಕೆ, ಡಿಸೈನ್ ಮತ್ತು ಗೌರವ ಸಿಕ್ಕಿದರೆ ಜಗತ್ತಿನ ಅತಿ ದುಬಾರಿ ವೇದಿಕೆಯಲ್ಲಿ ನಿಲ್ಲಬಹುದು. ಅದೇ ಕೆಲಸ ನಮ್ಮ ಬೀದಿಯ ಬ್ಲೌಸ್ ಮೇಲೆ ಬಂದಾಗ ಅದರ ಗಂಟೆಗಳನ್ನೂ ಎಣಿಸಬೇಕು ಅನ್ನೋದು ನನ್ನ ವಾದ.

ನಿಮ್ಮೂರಲ್ಲಿ ಮಗ್ಗಂ ವರ್ಕ್, ಕಸೂತಿ, ಲಂಬಾಣಿ ಕೆಲಸ ಮಾಡುವವರಿದ್ದರೆ, ಪೀಸ್ ರೇಟ್ ಹೇಗೆ ಕಟ್ಟುತ್ತಾರೆ, ಒಂದು ಪೀಸಿಗೆ ನಿಜವಾಗಿ ಎಷ್ಟು ಗಂಟೆ ಹಿಡಿಯತ್ತೆ ಅಂತ ಕೇಳಿ, ವಾಯ್ಸ್ ನೋಟ್ ಕಳಿಸಿ. ಹೆಸರು ಹೇಳಬೇಕಾಗಿಲ್ಲ, ಗಂಟೆ ಮತ್ತು ರೂಪಾಯಿ ಹೇಳಿದರೆ ಸಾಕು. ಬಂದ ಉತ್ತರಗಳನ್ನ ಇಟ್ಕೊಂಡು ಇನ್ನೊಂದು ಕಂತಿನಲ್ಲಿ ಊಹೆಯ ಅಂಕಿ ಬಿಟ್ಟು ನಿಜವಾದ ಅಂಕಿಯಲ್ಲೇ ಇದೇ ಲೆಕ್ಕ ಮಾಡೋಣ. ಮುಂದಿನ ವಾರ ಸಿಗೋಣ. ನಮಸ್ಕಾರ.